ಹಲೀಮಯಾನ ಮೀಮಾಂಸೆ: ಇಫ್ತಾರ್‌ಪೂರ್ವ ಕಾರುವಿಹಾರದ ಒಂದು ಶಾಸ್ತ್ರೀಯ ವಿವೇಚನೆ

ವಿಷಯ ಪ್ರವೇಶ

ಬೆಂಗಳೂರಿನ ಮೇಲೆ ಗ್ರಂಥಗಳಿಗೆ ಬರವಿಲ್ಲ. ಕೆರೆಗಳ ಮೇಲಿವೆ, ವೀರಗಲ್ಲುಗಳ ಮೇಲಿವೆ, ದೋಸೆಯ ಮೇಲಂತೂ ಬೇಕಾದಷ್ಟಿವೆ. ಆದರೆ ರಂಜಾನ್ ತಿಂಗಳಲ್ಲಿ ಇಳಿಹೊತ್ತಿನ ಅಸರ್ ನಮಾಜು ಮುಗಿದದ್ದೇ ತಡ, ಊರಿನ ಸಂಭಾವಿತ ಗೃಹಸ್ಥರೆಲ್ಲ ಕಾರಿನ ಕೀಲಿ ಕೈಗೆತ್ತಿಕೊಂಡು "ಒಂಚೂರು ಹಂಗೇ ಹೋಗಿ ಸಮೋಸ ತಗೊಂಡ್ ಬರ್ತೀನಿ" ಎಂದು ಹೊರಟು ಸೂರ್ಯಾಸ್ತದ ಮಗ್ರಿಬ್ ಅಜಾನಿನ ಹೊಸ್ತಿಲಲ್ಲಿ ಮರಳಿ ಬರುತ್ತಾರಲ್ಲ, ಆ ಮಹಾವಿದ್ಯಮಾನದ ಬಗ್ಗೆ ನಮ್ಮ ವಿದ್ವಾಂಸರು ತಾಳಿರುವ ಮೌನ ಅಕ್ಷಮ್ಯವಾದದ್ದು.

ಅಂತಾರಾಷ್ಟ್ರೀಯ ಮಟ್ಟದಲ್ಲೂ ಇದೇ ಕಥೆ. 2023ರ ಡಿಸೆಂಬರಿನಲ್ಲಿ ಯುನೆಸ್ಕೊ ಸಂಸ್ಥೆ ಅಜರ್‌ಬೈಜಾನ್, ಇರಾನ್, ಟರ್ಕಿ, ಉಜ್ಬೇಕಿಸ್ತಾನಗಳ ಅರ್ಜಿಯನ್ನು ಮನ್ನಿಸಿ ಇಫ್ತಾರ್ ಕೂಟವನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ಸಭೆಯಲ್ಲಿ ಗೋಧಿ-ಮಾಂಸದ ಹರೀಸ್ ಕೂಡ ಅರಬ್ ದೇಶಗಳ ಹೆಸರಿನಲ್ಲಿ ಪಟ್ಟಕ್ಕೇರಿತು. ಉಣ್ಣುವ ಕ್ರಿಯೆಗೆ ಮಾನ್ಯತೆ ಸಿಕ್ಕಿತು, ಉಣ್ಣುವ ಪದಾರ್ಥಕ್ಕೂ ಸಿಕ್ಕಿತು. ಪದಾರ್ಥವನ್ನು ತರಲು ಹೋಗಿ ಒಂದೂವರೆ ಗಂಟೆ ಕ್ಲಚ್ಚು ತುಳಿದವನ ಎಡಗಾಲಿನ ಬಗ್ಗೆ ಯಾರೂ ಚಕಾರವೆತ್ತಲಿಲ್ಲ. ಈ ಲೋಪವನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಅಧ್ಯಯನ ವಿಧಾನದ ಬಗ್ಗೆ ಎರಡು ಮಾತು. ಪ್ರಬಂಧಕಾರ ರೋಜಾ, ಅಂದರೆ ರಂಜಾನಿನ ಉಪವಾಸ, ಹಿಡಿಯುವವನಲ್ಲ. ರೋಜಾ ಹಿಡಿದವರ ಕಾರಿನಲ್ಲಿ ಹಿಂದಿನ ಸೀಟು ಹಿಡಿಯುವವನು. ಈ ಶಾಸ್ತ್ರಕ್ಕೆ ಇದಕ್ಕಿಂತ ಯೋಗ್ಯವಾದ ಪೀಠ ಇನ್ನೊಂದಿಲ್ಲ. ಮುಂದೆ ಕೂತವನಿಗೆ ದಾರಿ ಕಾಣುತ್ತದೆ, ಹಿಂದೆ ಕೂತವನಿಗೆ ಮನುಷ್ಯರು ಕಾಣುತ್ತಾರೆ.

ಲಕ್ಷಣ

ಮನೆಯ ಮಗ್ಗುಲಲ್ಲೇ ಸಿಗುವ ತಿನಿಸನ್ನು, ಅವಸರವಿಲ್ಲದೆ, ಸುತ್ತುದಾರಿಯಲ್ಲಿ ಹೋಗಿ, ಅಗತ್ಯಕ್ಕಿಂತ ಹೆಚ್ಚು ಕೊಂಡು, ಅಜಾನಿನ ಒಳಗೆ ಮರಳಿ ತರುವುದು ಹಲೀಮಯಾನ. ಇದರಲ್ಲಿ ಒಂದು ಅಂಶ ತಪ್ಪಿದರೂ ಅದು ಬರಿಯ ಶಾಪಿಂಗು. ನಡೆದು ಹೋಗಿ ತಂದರೆ ಅದು ವ್ಯಾಯಾಮ. ಸ್ಕೂಟರಿನಲ್ಲಿ ಹೋದರೆ ಅದು ಯಾನವೋ ಅಲ್ಲವೋ ಎಂಬ ಬಗ್ಗೆ ಭಿನ್ನಾಭಿಪ್ರಾಯವಿದೆ: ಗೋಧಿ-ಬೇಳೆ-ಮಾಂಸದ ಹಲೀಮಿನ ಡಬ್ಬಿಯನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡು ಹಂಪುಗಳ ಮೇಲೆ ಬರುವವನಲ್ಲಿ ಭಕ್ತಿ ಇದೆ, ವಿರಾಮವಿಲ್ಲ. ಮೊಬೈಲಿನಲ್ಲಿ ಆರ್ಡರು ಮಾಡಿ ತರಿಸುವವರು ಶಾಸ್ತ್ರಬಾಹ್ಯರು. ಅವರನ್ನು ಇಲ್ಲಿಗೇ ಬಿಡೋಣ.

ಪೂರ್ವಪಕ್ಷ

ಹಲೀಮಯಾನಕ್ಕೆ ಹಸಿವೇ ಕಾರಣ ಎಂಬುದು ಪಾಮರರ ವಾದ. ಬೆಳಗಿನ ಐದರ ಸುಮಾರಿಗೆ ಸಹರಿಯ ಊಟ ಮುಗಿಸಿದವನು ಸಂಜೆ ಆರೂವರೆವರೆಗೆ ಹನಿ ನೀರೂ ಕುಡಿಯದೆ ಇದ್ದಾನೆ; ಆದ್ದರಿಂದ ತಿನಿಸಿನತ್ತ ಓಡುತ್ತಾನೆ ಎನ್ನುತ್ತಾರೆ ಇವರು.

ಇದು ನಿಲ್ಲುವುದಿಲ್ಲ. ಹಸಿವೇ ಕಾರಣವಾಗಿದ್ದರೆ ಮನೆಯ ಹತ್ತಿರದ ಮಸೀದಿ ಸಾಕಿತ್ತು. ಅಲ್ಲಿ ರಂಜಾನಿನ ಗಂಜಿ ದೊಡ್ಡ ಹಂಡೆಯಲ್ಲಿ ಬೇಯುತ್ತಿರುತ್ತದೆ: ಅಕ್ಕಿ, ಹೆಸರುಬೇಳೆ, ಮೆಂತ್ಯ, ಬೆಳ್ಳುಳ್ಳಿ, ಒಮ್ಮೊಮ್ಮೆ ಕೈಮಾ. ಸಂಜೆ ಮಕ್ಕಳು ಸ್ಟೀಲಿನ ಹಿಡಿಕೆಪಾತ್ರೆ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಕಾಸು ಬೇಡ, ಪೆಟ್ರೋಲು ಬೇಡ, ಖಾಲಿ ಹೊಟ್ಟೆಗೆ ಅದರಷ್ಟು ಹಿತವಾದದ್ದು ಮತ್ತೊಂದಿಲ್ಲ. ಈ ಗಂಜಿಯ ಹೊಗೆಯಾಡುವ ಹಂಡೆಯ ಪಕ್ಕದಲ್ಲೇ ಕಾರು ರಿವರ್ಸ್ ತೆಗೆದು ಹತ್ತು ಕಿಲೋಮೀಟರು ಆಚೆ ಹೋಗುವವನನ್ನು ಹಸಿವಿನವನು ಎನ್ನುವುದು ಹೇಗೆ?

ಇನ್ನೂ ಬಲವಾದ ಪ್ರತಿವಾದ ಹಿಂದಿನ ಸೀಟಿನಲ್ಲೇ ಕೂತಿದೆ. ಐದು ಗಂಟೆ ನಲವತ್ತು ನಿಮಿಷಕ್ಕೆ ಕಾರಿನೊಳಗೆ ಅತಿ ಹೆಚ್ಚು ಹಸಿದಿರುವವನು ಯಾರು? ಹದಿಮೂರು ಗಂಟೆ ಉಪವಾಸವಿರುವ ಸಾರಥಿಯಲ್ಲ. ಒಂದೂವರೆಗೆ ಮುದ್ದೆ-ಬಸ್ಸಾರು ಉಂಡು, ನಾಲ್ಕಕ್ಕೆ ಬೋಂಡಾ ತಿಂದು ಬಂದ ಗೆಳೆಯ. "ಇನ್ನೂ ಎಷ್ಟು ಹೊತ್ತಪ್ಪಾ?" ಎಂದು ಆತನೇ ಕೇಳುತ್ತಿರುತ್ತಾನೆ. ಉಪವಾಸದವನು ಬೆಳಗ್ಗೆಯೇ ಹೊಟ್ಟೆಯೊಡನೆ ಒಪ್ಪಂದ ಮಾಡಿಕೊಂಡಿರುತ್ತಾನೆ. ಗೆಳೆಯನ ಹೊಟ್ಟೆಗೆ ಅಂಥ ಯಾವ ಕರಾರೂ ಇಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಸಮೋಸದ ಪೊಟ್ಟಣ ಹಿಂದಿನ ಸೀಟಿಗೆ ಬಂತು ಎನ್ನಿ. ಕಾಗದದ ಮೇಲೆ ಎಣ್ಣೆ ಹರಡಿ ಎರಡು ಪುಟದ ಸುದ್ದಿಯೂ ಒಟ್ಟಿಗೇ ಓದಬರುವಷ್ಟು ಪಾರದರ್ಶಕವಾಗಿದೆ. ಸಾರಥಿ ಕನ್ನಡಿಯಲ್ಲಿ ನೋಡಿ, ಯಾವ ವ್ಯಂಗ್ಯವೂ ಇಲ್ಲದೆ, "ಪರವಾಗಿಲ್ಲ, ನೀವು ತಿನ್ನಿ" ಎನ್ನುತ್ತಾನೆ. ಈ ವಾಕ್ಯ ಕೇಳಿದ ಮೇಲೆ ತಿಂದವನನ್ನು ಪ್ರಬಂಧಕಾರ ಈವರೆಗೆ ಕಂಡಿಲ್ಲ. ಯಾವ ನಿಷೇಧವೂ ಬಾಯಿಯನ್ನು ಇಷ್ಟು ಭದ್ರವಾಗಿ ಹೊಲಿಯಲಾರದು.

ಸಿದ್ಧಾಂತ: ಜಾಮಿನ ದ್ವಿಮೌಲ್ಯ

ಹಾಗಾದರೆ ಯಾನಕ್ಕೆ ಕಾರಣವೇನು? ಹೊತ್ತು. ಕೊಳ್ಳುವುದು ಹಲೀಮನ್ನಾದರೂ ಖರ್ಚು ಮಾಡಬೇಕಿರುವುದು ಹೊತ್ತನ್ನು. ಉಪವಾಸದ ಮೊದಲ ಹನ್ನೆರಡು ಗಂಟೆ ಹೇಗೋ ಉರುಳುತ್ತವೆ, ಕೊನೆಯ ಒಂದು ಗಂಟೆ ಕಾಲು ಚಾಚಿ ಮಲಗಿಬಿಡುತ್ತದೆ. ಅದನ್ನು ಎಬ್ಬಿಸಿ ಮುಂದೆ ಸಾಗಿಸಲು ಬೆಂಗಳೂರು ಒಂದು ಅಪೂರ್ವ ಯಂತ್ರವನ್ನು ಒದಗಿಸಿದೆ. ಅದೇ ಟ್ರಾಫಿಕ್ ಜಾಮು.

ಸಂಚಾರದ ವೇಗ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2024ರ ಪಟ್ಟಿಯ ಪ್ರಕಾರ ಈ ನಗರದಲ್ಲಿ 10 ಕಿಲೋಮೀಟರು ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡು ಬೇಕಿತ್ತು; ಜಗತ್ತಿನಲ್ಲಿ ಆಗ ಮೂರನೆಯ ಸ್ಥಾನ. ವರ್ಷದ ಹನ್ನೊಂದು ತಿಂಗಳು ಇದು ನಾವು ತಲೆತಗ್ಗಿಸುವ ಸಂಗತಿ. ಹನ್ನೆರಡನೆಯ ತಿಂಗಳಲ್ಲಿ ಇದೇ ವರ. ರಿಚ್ಮಂಡ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಒಂದು ಸುತ್ತು ಹಸಿರು ತಪ್ಪಿದಾಗ ಬೇಸರಿಸದೆ, ಸೀಟನ್ನು ಇನ್ನಷ್ಟು ಹಿಂದಕ್ಕೆ ಸರಿಸಿ, "ಏನ್ ಅರ್ಜೆಂಟ್ ಇದೆ ಬಿಡಿ" ಎನ್ನುವ ಚಾಲಕ ನಿಮಗೆ ಸಿಕ್ಕರೆ ಅವನು ಒಂದೋ ಯೋಗಿ, ಇಲ್ಲವೇ ರೋಜಾದಾರ.

ಆದರೆ ಈ ವರಕ್ಕೆ ವಾಯಿದೆ ಉಂಟು. ಅಜಾನಿಗೆ ಇನ್ನು ಕಾಲು ಗಂಟೆ ಎನ್ನುವಾಗ ಒಂದು ಕ್ಷಣ ಬರುತ್ತದೆ. ಶಾಸ್ತ್ರದಲ್ಲಿ ಇದಕ್ಕೆ ಸಂಧಿಬಿಂದು ಎಂದು ಹೆಸರಿಡೋಣ. ಆ ಕ್ಷಣದವರೆಗೆ ಹೊತ್ತು ಹೋಗಲಿ ಎಂದು ಹಾರೈಸುತ್ತಿದ್ದ ಅದೇ ಮನುಷ್ಯ, ಆ ಕ್ಷಣದಿಂದ ಹೊತ್ತು ಹೋಗುತ್ತಿದೆಯಲ್ಲ ಎಂದು ಚಡಪಡಿಸತೊಡಗುತ್ತಾನೆ. ಹೊತ್ತಾದ ಮೇಲೆ ಉಪವಾಸ ಬಿಡಲು ತಡ ಮಾಡಬಾರದೆಂಬುದು ಸಂಪ್ರದಾಯ. ಹೀಗಾಗಿ ಅದೇ ಜಾಮು, ಅದೇ ಸಿಗ್ನಲ್ಲು, ಅದೇ ಬಿಎಂಟಿಸಿ ಬಸ್ಸಿನ ಹಿಂಭಾಗ ಏಕಾಏಕಿ ಶಾಪವಾಗುತ್ತವೆ. ಸೀಟು ಮುಂದಕ್ಕೆ ಸರಿಯುತ್ತದೆ. ಅಷ್ಟು ಹೊತ್ತು ಮೌನವ್ರತದಲ್ಲಿದ್ದ ಹಾರನ್ನು ಬಾಯಿ ಬಿಡುತ್ತದೆ. ಮಹಾನಗರದ ಯಾವ ಟ್ರಾಫಿಕ್ ತಜ್ಞರೂ ಜಾಮಿಗೆ ಹೀಗೆ ಎರಡು ಬೆಲೆಗಳಿವೆ ಎಂದು ಗುರುತಿಸಿಲ್ಲ ಎಂಬುದನ್ನು ವಿನಯಪೂರ್ವಕವಾಗಿ ದಾಖಲಿಸುತ್ತೇನೆ.

ಸಂಧಿಬಿಂದು ನಮ್ಮ ಕಲ್ಪನೆಯಲ್ಲ ಎನ್ನುವುದಕ್ಕೆ ಸಮುದ್ರದಾಚೆಯ ಸಾಕ್ಷಿಯೂ ಇದೆ. ದುಬೈಯಲ್ಲಿರುವ ಮಂಗಳೂರು, ಭಟ್ಕಳದವರನ್ನು ಕೇಳಿ. ಅಲ್ಲಿ ಮಗ್ರಿಬ್ ಹತ್ತಿರವಾದಂತೆ ಸ್ವಯಂಸೇವಕರು ಸಿಗ್ನಲ್ಲುಗಳಲ್ಲಿ ನಿಂತು ಕಾರುಗಳೊಳಗೆ ಖರ್ಜೂರ, ನೀರಿನ ಪೊಟ್ಟಣ ಕೊಡುತ್ತಾರೆ. ಮನೆ ಸೇರುವ ಆತುರದಲ್ಲಿ ಯಾರೂ ಗಾಡಿಯನ್ನು ವಿಪರೀತ ಓಡಿಸದಿರಲಿ ಎಂಬ ಉಪಾಯವಿದು. ನಮ್ಮ ಸಾರಥಿಗಳು ಈ ವ್ಯವಸ್ಥೆಯನ್ನು ಖಾಸಗೀಕರಣಗೊಳಿಸಿದ್ದಾರೆ: ಗ್ಲವ್ ಬಾಕ್ಸಿನಲ್ಲಿ ಇನ್ಶೂರೆನ್ಸ್ ಪತ್ರದ ಮೇಲೆ ಖರ್ಜೂರದ ಡಬ್ಬಿ.

ಉಪವಾದವೊಂದನ್ನು ಇಲ್ಲೇ ಮುಗಿಸಿಬಿಡುವುದು ಒಳ್ಳೆಯದು. ಪ್ರಯಾಣಿಕನಿಗೆ ಉಪವಾಸದಿಂದ ವಿನಾಯಿತಿ ಉಂಟು, ಬಿಟ್ಟ ದಿನವನ್ನು ಆಮೇಲೆ ತುಂಬಿಕೊಡಬೇಕು. ಹನಫಿ ಪಂಥದವರು ಪ್ರಯಾಣವೆಂದರೆ ಮೂರು ದಿನಗಳ ಹಾದಿ ಎಂದು ಎಣಿಸಿ, ಇಂದಿನ ಅಳತೆಯಲ್ಲಿ ಸುಮಾರು 77 ಕಿಲೋಮೀಟರು ಎನ್ನುತ್ತಾರೆ. ಹಿಂದಿನ ಸೀಟಿನ ಪಂಡಿತರೊಬ್ಬರು, ಬೆಂಗಳೂರಿನಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದೇ ಅಶಾಸ್ತ್ರೀಯ, ಹೊತ್ತಿನಲ್ಲಿ ಅಳೆಯಬೇಕು, ಜಯನಗರದಿಂದ ಫ್ರೇಜರ್ ಟೌನಿಗೆ ಸಿಲ್ಕ್ ಬೋರ್ಡಿನ ಮೇಲೆ ಹೋದರೆ ಮೂರು ದಿನಕ್ಕೆ ತೀರಾ ಕಡಿಮೆಯೇನಿಲ್ಲ ಎಂದು ಮಂಡಿಸಿದರು. ಸಾರಥಿ ಆ ವಾದವನ್ನು "ಸುಮ್ನೆ ಕೂತ್ಕೊಳ್ಳಿ ಸ್ವಾಮಿ" ಎಂಬ ಒಂದೇ ಸೂತ್ರದಿಂದ ಖಂಡಿಸಿದರು.

ಕ್ಷೇತ್ರ ವರ್ಣನೆ

ಚಾಂದ್ರಮಾನದ ವರ್ಷ ಹತ್ತು ಹನ್ನೊಂದು ದಿನ ಗಿಡ್ಡವಾದ್ದರಿಂದ ರಂಜಾನ್ ಋತುಗಳನ್ನೆಲ್ಲ ಸುತ್ತುತ್ತದೆ. 2030ರಲ್ಲಂತೂ ಜನವರಿಯಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ ಶುರುವಾಗಲಿದೆ. ಆದರೆ ಬೆಂಗಳೂರಿನ ಸೂರ್ಯ ಶಿಸ್ತಿನ ಗುಮಾಸ್ತ. ಯಾವ ತಿಂಗಳಾದರೂ ಆರಕ್ಕೆ ಕೊಂಚ ಮುಂಚೆಯೋ, ಏಳಕ್ಕೆ ಕೊಂಚ ಮುಂಚೆಯೋ ಮುಳುಗಿಯೇ ತೀರುತ್ತಾನೆ. ಅದೇ ಹೊತ್ತಿಗೆ ಆಫೀಸುಗಳೂ ಬಿಡುತ್ತವೆ. ಅಂದಮೇಲೆ ಜಾಮಿನ ಪೂರೈಕೆ ಋತುಭೇದವಿಲ್ಲದೆ ಖಾತ್ರಿ.

ದಕ್ಷಿಣದಿಂದ ಬರುವ ಯಾನಿಗೆ ಮೊದಲ ತೀರ್ಥ ಜಾನ್ಸನ್ ಮಾರ್ಕೆಟ್. ಶೀಕ್ ಕಬಾಬಿನ ಸರಳುಗಳು ಕೆಂಡದ ಮೇಲೆ ತಿರುಗುವ ಈ ಜಾಗದಲ್ಲಿ ಒಂದು ಕಾಲಕ್ಕೆ ಆಗಾ ಅಲಿ ಅಸ್ಕರ್ ಅವರ ಕುದುರೆ ಲಾಯವಿತ್ತು. 1824ರಲ್ಲಿ ಪರ್ಷಿಯಾದ ಶಿರಾಜಿನಿಂದ ಕುದುರೆಗಳೊಂದಿಗೆ ಬಂದ ವ್ಯಾಪಾರಿ ಅವರು; ಮುಂದೆ ಮೈಸೂರಿನ ದಿವಾನರಾದ ಮಿರ್ಜಾ ಇಸ್ಮಾಯಿಲ್ ಅವರ ತಾತ. ಇತಿಹಾಸದ ವಿಪರ್ಯಾಸ ನೋಡಿ: ವಾಹನ ಕಟ್ಟಿಹಾಕಲೆಂದೇ ಇದ್ದ ಎಕರೆಗಟ್ಟಲೆ ಜಾಗದಲ್ಲಿ ಇಂದು ಒಂದು ಹ್ಯಾಚ್‌ಬ್ಯಾಕಿಗೆ ಮೂಗು ತೂರಿಸಲು ಎಡೆಯಿಲ್ಲ.

ಎರಡನೆಯ ತೀರ್ಥ ಶಿವಾಜಿನಗರ. ಒಂದು ಕಡೆ ರಸೆಲ್ ಮಾರ್ಕೆಟ್, ಇನ್ನೊಂದು ಕಡೆ ಸೇಂಟ್ ಮೇರಿ ಬೆಸಿಲಿಕಾ, ನಡುವೆ ಖರ್ಜೂರದ ಗುಡ್ಡಗಳು. ಅಲ್ಲಿ ಕಾರು ತೆಗೆದುಕೊಂಡು ಹೋಗುವವರ ಬಗ್ಗೆ ಶಾಸ್ತ್ರಕ್ಕೆ ಅನುಕಂಪವಿದೆ, ಉಪದೇಶವಿಲ್ಲ.

ಮಹಾಕ್ಷೇತ್ರವೆಂದರೆ ಫ್ರೇಜರ್ ಟೌನು. ಪ್ಲೇಗಿನ ಹಾವಳಿಯ ತರುವಾಯ ದಂಡುಪ್ರದೇಶದ ಜನಸಂದಣಿ ಕಡಿಮೆಯಾಗಲಿ, ಗಾಳಿ ಬೆಳಕು ಆಡಲಿ ಎಂದು ಕಟ್ಟಿದ ಬಡಾವಣೆ ಇದು. ಜನಸಂದಣಿ ಕಡಿಮೆ ಮಾಡುವ ಆ ಯೋಜನೆ ಎಷ್ಟರ ಮಟ್ಟಿಗೆ ಫಲಿಸಿತು ಎಂಬುದನ್ನು ರಂಜಾನಿನ ಸಂಜೆ ಮಸೀದಿ ರಸ್ತೆಯಲ್ಲಿ ನಿಂತು ಪರಿಶೀಲಿಸಬಹುದು. ನಿಲ್ಲಲು ಜಾಗ ಸಿಕ್ಕರೆ. ಸರ್ಕಾರಿ ಕಾಗದದಲ್ಲಿ ಇದರ ಹೆಸರು ಪುಲಿಕೇಶಿನಗರ. ಉತ್ತರಾಪಥದ ಹರ್ಷವರ್ಧನನ ಆನೆಗಳ ದಂಡನ್ನು ಇಮ್ಮಡಿ ಪುಲಿಕೇಶಿ ನರ್ಮದೆಯ ಬಳಿ ತಡೆದು ನಿಲ್ಲಿಸಿದನೆಂಬುದಕ್ಕೆ ಕ್ರಿ.ಶ. 634ರ ಐಹೊಳೆ ಶಾಸನ ಸಾಕ್ಷಿ. ಆ ಹೆಸರಿನ ಮಹಿಮೆ ಇನ್ನೂ ಮಾಸಿಲ್ಲ. ದಕ್ಷಿಣದಿಂದ ಬಂದ ನಮ್ಮ ಮಾರುತಿಯನ್ನೂ ಕೋಲ್ಸ್ ಪಾರ್ಕಿನ ಬಳಿಯೇ ತಡೆದು ನಿಲ್ಲಿಸಲಾಯಿತು.

ಮಸೀದಿ ರಸ್ತೆಗೆ ಹೆಸರು ಬಂದದ್ದು ಹಾಜಿ ಸರ್ ಇಸ್ಮಾಯಿಲ್ ಸೇಟ್ ಅವರ ಮಸೀದಿಯಿಂದ. ಊರಿನವರ ಬಾಯಲ್ಲಿ ಮಾಸ್ಕ್ ರೋಡು. ಇಲ್ಲಿ ಹರೀಸ್ ಇದೆ, ಹಲೀಮ್ ಇದೆ, ಬಿಸಿ ಕಲ್ಲುಚಪ್ಪಡಿಯ ಮೇಲೆ ಚುರುಗುಟ್ಟುವ ಪತ್ಥರ್ ಕಾ ಗೋಶ್ತ್ ಇದೆ, ಮಣ್ಣಿನ ಬಟ್ಟಲಿನಲ್ಲಿ ತಣ್ಣಗೆ ಕೂತ ಫಿರ್ನಿ ಇದೆ. 1902ರಿಂದ ಇರುವ ಆಲ್ಬರ್ಟ್ ಬೇಕರಿಯಲ್ಲಿ ರಂಜಾನಿಗೆಂದು ಖೋವಾ ನಾನ್ ಇದೆ. ಗಲಾಟೆ, ಕಸ, ಟ್ರಾಫಿಕ್ಕು ಎಂದು ನಿವಾಸಿಗಳು ಆಕ್ಷೇಪಿಸಿದ್ದರಿಂದ 2023ರಲ್ಲಿ ಬೀದಿಮಳಿಗೆಗಳ ಮೇಳಕ್ಕೆ ಅವಕಾಶ ಸಿಗಲಿಲ್ಲ. ನಿವಾಸಿಗಳ ಮಾತಿನಲ್ಲಿ ಸುಳ್ಳೇನಿಲ್ಲ; ತಮ್ಮ ಗೇಟಿನ ಮುಂದೆ ಪರವೂರಿನ ಕಾರು ನಿಂತು, ಅದರ ಮೇಲೆ ಯಾರೋ ಕಬಾಬಿನ ತಟ್ಟೆ ಇಟ್ಟುಕೊಂಡು ತಿನ್ನುವುದನ್ನು ತಿಂಗಳಿಡೀ ನೋಡುವುದು ಕಷ್ಟವೇ. ನಮ್ಮ ಶಾಸ್ತ್ರ ಅವರನ್ನು ಬಾಧಿತ ಪಕ್ಷವೆಂದು ಗೌರವದಿಂದ ನಮೂದಿಸಿ ಮುಂದೆ ಸಾಗುತ್ತದೆ, ಪ್ರತಿ ವರ್ಷ ಕಾರುಗಳು ಸಾಗಿದಂತೆಯೇ.

ಪ್ರಮಾಣ ವಿಚಾರ

ಯಾವ ಅಂಗಡಿಯ ಹಲೀಮು ಉತ್ತಮ ಎಂದು ಅರಿಯುವುದು ಹೇಗೆ? ಉಪವಾಸದವನಿಗೆ ರುಚಿ ನೋಡುವ ಹಾಗಿಲ್ಲವಾದ್ದರಿಂದ ಪ್ರತ್ಯಕ್ಷ ಪ್ರಮಾಣ ಅಸಾಧ್ಯ. ಉಳಿದದ್ದು ಅನುಮಾನ. ಹೊಗೆಯಿಂದ ಬೆಂಕಿಯನ್ನು ಊಹಿಸಲು ನೈಯಾಯಿಕರು ಬೆಟ್ಟಕ್ಕೆ ಹೋದರು. ಪಾಪ, ಅವರಿಗೆ ಮಸೀದಿ ರಸ್ತೆ ಗೊತ್ತಿರಲಿಲ್ಲ. ಇಲ್ಲಿ ಹೊಗೆ ಕಂಡಲ್ಲಿ ಬೆಂಕಿಯಷ್ಟೇ ಅಲ್ಲ, ಅದರ ಮೇಲಿರುವುದು ಕೋಳಿಯೋ ಕುರಿಯೋ, ಮಸಾಲೆ ನಿನ್ನೆಯದೋ ಇವತ್ತಿನದೋ ಎಂಬುದನ್ನೂ ಕಾರಿನ ಗಾಜು ಎರಡು ಬೆರಳು ಇಳಿಸಿ ನಿರ್ಣಯಿಸುವ ಪಂಡಿತರಿದ್ದಾರೆ. ಹಲೀಮಿಗೆ ಮೂಗು ಸಾಲದು, ಕಣ್ಣು ಬೇಕು. ದೇಗಿನೊಳಗೆ ಉದ್ದ ಹಿಡಿಯ ಘೋಟಾ ಹಿಡಿದು ನಿಂತವನ ತೋಳನ್ನು ನೋಡಬೇಕು. ಗೋಧಿ, ಬೇಳೆ, ಮಾಂಸ ಬೆಂದು ಒಂದಾಗಿರಬೇಕು. ಸೌಟು ಎತ್ತಿದರೆ ಎಳೆ ಎಳೆಯಾಗಿ ಇಳಿಯಬೇಕು, ತೊಟ್ಟಿಕ್ಕಬಾರದು. ತೋಳು ಸುಲಭವಾಗಿ ತಿರುಗುತ್ತಿದ್ದರೆ ಅದು ಸಾರು. ಮುಂದಿನ ಅಂಗಡಿಗೆ ಹೋಗಿ. ಹೈದರಾಬಾದಿನವರು 2010ರಲ್ಲೇ ತಮ್ಮ ಹಲೀಮಿಗೆ ಭೌಗೋಳಿಕ ಗುರುತು ಪಡೆದು ನಿಶ್ಚಿಂತರಾಗಿದ್ದಾರೆ. ನಾವು ಇನ್ನೂ ತೋಳು ನೋಡಿ ನಂಬಬೇಕು.

ಕೊಂಡದ್ದನ್ನು ತರುವುದೂ ಒಂದು ವಿದ್ಯೆ. ಸಮೋಸದ ಚೀಲದ ಬಾಯಿ ಬಿಗಿಯಾಗಿ ಕಟ್ಟಿದರೆ ಮನೆ ತಲುಪುವಷ್ಟರಲ್ಲಿ ಅದು ಬೆವತು ದೋಸೆಯಾಗಿರುತ್ತದೆ. ತೆರೆದಿಟ್ಟರೆ ಕಾರಿನೊಳಗೆ ಸಂಯಮಭಂಗ. ಚೀಲಕ್ಕೆ ಒಂದೇ ಒಂದು ತೂತು ಮಾಡಿ ಎಸಿಯ ಎದುರು ಹಿಡಿಯುವುದು ಬಲ್ಲವರ ಮಧ್ಯಮಮಾರ್ಗ. ಹಲೀಮಿನ ಡಬ್ಬಿಯನ್ನು ಮುಂದಿನ ಸೀಟಿನಲ್ಲಿಟ್ಟರೆ ಕಾರು ಅದನ್ನು ಪ್ರಯಾಣಿಕನೆಂದು ತಿಳಿದು ಟಿಣ್ ಟಿಣ್ ಎಂದು ಬೆಲ್ಟಿಗಾಗಿ ಕೂಗಲಾರಂಭಿಸುತ್ತದೆ. ನಮ್ಮ ಸಾರಥಿ ಬೆಲ್ಟನ್ನು ಎಳೆದು, ಡಬ್ಬಿಗೆ ಅಡ್ಡಲಾಗಿ ಹಾಯಿಸಿ, ಕ್ಲಿಕ್ ಎನಿಸಿದರು. ಕೂಗು ನಿಂತಿತು. ಹಿಂದೆ ಕೂತ ನಮಗ್ಯಾರಿಗೂ ಅವರು ಬೆಲ್ಟು ಹಾಕಿಕೊಳ್ಳಿ ಎಂದು ಹೇಳಲಿಲ್ಲ ಎಂಬುದು ಗಮನಾರ್ಹ.

ಪಾರ್ಕಿಂಗ್ ಪ್ರಕರಣ

ಇಲ್ಲ.

ಅತಿಕ್ರಯ ಸಿದ್ಧಾಂತ

ಖಾಲಿ ಹೊಟ್ಟೆಯವನು ಕಣ್ಣಿನಿಂದ ಕೊಳ್ಳುತ್ತಾನೆ. ಐವರಿರುವ ಮನೆಗೆ ಇಪ್ಪತ್ತೈದು ಖೀಮಾ ಸಮೋಸ, ಎರಡು ಡಬ್ಬಿ ಹಲೀಮು, ಕಬಾಬು, ಫಿರ್ನಿ, ನಾನ್, ದಾರಿಯಲ್ಲಿ ಕೆಂಪಗೆ ಕಂಡಿತೆಂದು ಒಂದು ಕಲ್ಲಂಗಡಿ. ಅಜಾನು ಕೂಗಿದ ಮೇಲೆ ನಡೆಯುವುದು ಇಷ್ಟು: ಖರ್ಜೂರ, ಒಂದು ಲೋಟ ರೂಹ್ ಅಫ್ಜಾ ಶರಬತ್ತು, ಒಂದೂವರೆ ಸಮೋಸ, ಒಂದು ದೀರ್ಘ ಉಸಿರು. ಅಲ್ಲಿಗೆ ಹೊಟ್ಟೆ ಕೈಮುಗಿಯುತ್ತದೆ. ಮಿಕ್ಕದ್ದೆಲ್ಲ ಬಟ್ಟೆ ಮುಚ್ಚಿದ ತಟ್ಟೆಗಳಲ್ಲಿ ಪಕ್ಕದ ಮನೆಗೆ, ಮೇಲಿನ ಮನೆಗೆ, ವಾಚ್‌ಮನ್ನನ ಗೂಡಿಗೆ ಹೊರಡುತ್ತದೆ. ಹಿಂದಿನ ಸೀಟಿನ ಗೆಳೆಯನ ಪಾಲು ಇಲ್ಲಿ ಗಣನೀಯ. ಆತನನ್ನು ಯಾನದಲ್ಲಿ ಏಕೆ ಜತೆಗೆ ಕರೆದೊಯ್ಯುತ್ತಾರೆ ಎಂಬ ಪ್ರಶ್ನೆಗೂ ಇದೇ ಉತ್ತರ ಇರಬಹುದು.

ವ್ಯಾಪ್ತಿಯ ಮಿತಿ

ಅಧ್ಯಯನದ ಅವಧಿಯಲ್ಲಿ ಒಂದು ಸಂಗತಿ ಮೇಲಿಂದ ಮೇಲೆ ಎದುರಾಯಿತು. ಐದರಿಂದ ಆರೂವರೆವರೆಗೆ ಮಸೀದಿ ರಸ್ತೆಯ ಕಾರುಗಳಲ್ಲಿ ಸ್ಟೀರಿಂಗ್ ಹಿಡಿದವರು ಬಹುಪಾಲು ಗಂಡಸರು. ಅದೇ ಒಂದೂವರೆ ಗಂಟೆ ಮನೆಯ ಅಡುಗೆಕೋಣೆಯಲ್ಲಿ ಬಾಣಲೆ ಕಾಯುವ, ಕಡಲೆ ಬೇಯುವ, ಹಣ್ಣು ಹೆಚ್ಚುವ, ಶರಬತ್ತು ಕಲಸುವ ಹೊತ್ತು. ಅಲ್ಲಿರುವವರೂ ಉಪವಾಸವೇ, ಕರಿದದ್ದಕ್ಕೆ ಉಪ್ಪು ಸರಿಯಾಗಿದೆಯೇ ಎಂದು ಮೂಸಿ ತಿಳಿಯುವವರು. ಈ ಎರಡು ವಿದ್ಯಮಾನಗಳ ನಡುವೆ ಕಾರ್ಯಕಾರಣ ಸಂಬಂಧವಿದೆಯೇ, ಯಾನದ ನಿಜವಾದ ಗಮ್ಯ ಮಸೀದಿ ರಸ್ತೆಯೋ ಅಥವಾ ಅಡುಗೆಮನೆ ಇಲ್ಲದ ಯಾವುದಾದರೂ ಜಾಗವೋ ಎಂದು ಒಬ್ಬ ಸಾರಥಿಯ ತಾಯಿ ಪ್ರಬಂಧಕಾರನನ್ನು ನೇರವಾಗಿಯೇ ಕೇಳಿದರು. ಈ ಪ್ರಶ್ನೆ ಪ್ರಸ್ತುತ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಅದೇ ತಾಯಿಯಿಂದ ಆರು ಗಂಟೆ ಐದು ನಿಮಿಷಕ್ಕೆ ಫೋನು ಬಂತು. ಸಾರಥಿ ಸ್ಪೀಕರಿಗೆ ಹಾಕಿದರು. ಹಿನ್ನೆಲೆಯಲ್ಲಿ ಎಣ್ಣೆಯ ಚಟಪಟ. "ಮನೇಲೇ ಸಮೋಸ ಮಾಡಿದೀನಿ, ನೀನು ತರಬೇಡ. ಚಟ್ನಿಗೆ ಪುದೀನ ಇಲ್ಲ. ಬರ್ತಾ ಒಂದು ಕಟ್ಟು ಪುದೀನ ತಗೊಂಡು ಬಾ, ಅಷ್ಟು ಸಾಕು." ಇಡೀ ಯಾನದಲ್ಲಿ ಮನೆಯವರು ನಿಜವಾಗಿ ಹೇಳಿ ಕಳಿಸಿದ ವಸ್ತು ಇದೊಂದೇ. ಸಾರಥಿ "ಆಯ್ತಮ್ಮಾ" ಎಂದರು. ಇಪ್ಪತ್ತೈದು ಸಮೋಸ ಪ್ರಬಂಧಕಾರನ ತೊಡೆಯ ಮೇಲೆ ಬಿಸಿಯಾಗಿ ಕೂತಿದ್ದವು. ಸಂಧಿಬಿಂದು ದಾಟಿತು, ಸೀಟು ಮುಂದಕ್ಕೆ ಸರಿಯಿತು, ಹಾರನ್ನು ಬಾಯಿ ಬಿಟ್ಟಿತು, ಡಬಲ್ ರೋಡಿನಲ್ಲಿ ಗ್ಲವ್ ಬಾಕ್ಸಿನ ಖರ್ಜೂರ ಹೊರಬಂತು.

ಪುದೀನ ಯಾರಿಗೂ ನೆನಪಾಗಲಿಲ್ಲ. ಬಾಗಿಲಲ್ಲಿ ತಾಯಿ ಎರಡೂ ಕೈಗಳನ್ನು ನೋಡಿದರು, ಏನೂ ಅನ್ನಲಿಲ್ಲ. ರಾತ್ರಿಯ ತರಾವೀಹ್ ನಮಾಜು ಮುಗಿದ ಮೇಲೆ ಸಾರಥಿ ಮತ್ತೆ ಕೀಲಿ ತೆಗೆದುಕೊಂಡು, ಸಹರಿಗಾದರೂ ಚಟ್ನಿ ಆಗಲಿ, ಈ ಹೊತ್ತಿನಲ್ಲಿ ಪುದೀನ ಶಿವಾಜಿನಗರದಲ್ಲಿ ಮಾತ್ರ ಸಿಗುತ್ತದೆ, ಹೇಗೂ ಅಲ್ಲಿಯವರೆಗೆ ಹೋದಮೇಲೆ ಒಂದೊಂದು ಸುಲೈಮಾನಿ ಚಹಾ ಕುಡಿದು ಬರೋಣ ಎಂದರು. ಪ್ರಬಂಧಕಾರ ಹಿಂದಿನ ಸೀಟಿಗೆ ಹೋಗುವಷ್ಟರಲ್ಲಿ ಅಲ್ಲಿ ತಾಯಿ ಕೂತಾಗಿತ್ತು.